ಟೊಳ್ಳು ಮೂಳೆಗೆ ಮಾತ್ರೆ ಎಷ್ಟು ವರ್ಷ, ಇಂಜೆಕ್ಷನ್ ಎಷ್ಟು ವರ್ಷ

ಮೈಸೂರು, ಮಂಡ್ಯ ಕಡೆ ಮಂಡಿನೋವಿಗೂ ‘ಮೂಳೆ ಸವೆತ’ ಅಂತಾರೆ, ಆಸ್ಟಿಯೋಪೊರೋಸಿಸ್‌ಗೂ ಅದೇ ಮಾತು. ಎರಡೂ ಬೇರೆ. ಇಲ್ಲಿ ಹೇಳುತ್ತಿರುವುದು ಮೂಳೆಯೇ ಒಳಗೆ ಟೊಳ್ಳಾಗಿ, ಬಚ್ಚಲಲ್ಲಿ ಸುಮ್ಮನೆ ಜಾರಿದರೂ ಸೊಂಟ ಮುರಿಯುವ ಕಾಯಿಲೆಗೆ ಕೊಡುವ ಔಷಧಿಯ ವಿಷಯ. ಮುರಿಯುವ ತನಕ ಇದು ನೋಯುವುದಿಲ್ಲ. ಹಾಗಾಗಿ ‘ಈಗ ನೋವಿಲ್ಲ, ಸಾಕು’ ಅಂತ ನಿಲ್ಲಿಸುವುದಕ್ಕೆ ಅರ್ಥವಿಲ್ಲ.

ಎಷ್ಟು ದಿನ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಡಾಕ್ಟರ ಚೀಟಿ ತೆಗೆದು ಔಷಧಿಯ ಹೆಸರು ನೋಡಿ. ಕಂಪನಿಯ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರು.

ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ 70 ಮಿ.ಗ್ರಾಂ ಅಥವಾ ರೈಸೆಡ್ರೊನೇಟ್ 35 ಮಿ.ಗ್ರಾಂ ಆದರೆ ಮೊದಲ ಲೆಕ್ಕ 5 ವರ್ಷ, ಅಂದರೆ ಸುಮಾರು 260 ಮಾತ್ರೆ. ಸರಿಯಾಗಿ ನುಂಗಿದ್ದರೆ ಮಾತ್ರ ಆ ಲೆಕ್ಕ. ನಮ್ಮಲ್ಲಿ ಎಡವಟ್ಟಾಗುವುದು ಬೆಳಗಿನ ಕಾಫಿಯಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಈ ಮಾತ್ರೆ ಮೈಗೆ ಹತ್ತುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಕಾಫಿ, ಹಾಲು, ರಾಗಿ ಗಂಜಿ ಜೊತೆಯಾದರೆ ಅದೂ ಹೋಯಿತು. ಎದ್ದ ತಕ್ಷಣ ಒಂದು ದೊಡ್ಡ ಲೋಟ, ಸುಮಾರು 200 ಮಿ.ಲೀ. ನೀರಿನಲ್ಲಿ ನುಂಗಬೇಕು. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಕಾವೇರಿ ನೀರೋ ಫಿಲ್ಟರ್ ನೀರೋ ಇಟ್ಟುಕೊಳ್ಳಿ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿಕೊಂಡು ಸುಡುತ್ತದೆ. ಕ್ಯಾಲ್ಸಿಯಂ ಮಾತ್ರೆ ರಾತ್ರಿ ಊಟದ ಜೊತೆಗಿರಲಿ. ಒಂದು ವಾರ ಮರೆತರೆ ನೆನಪಾದ ಮರುದಿನ ಬೆಳಗ್ಗೆ ಒಂದು ನುಂಗಿ, ಮತ್ತೆ ಹಳೆಯ ವಾರಕ್ಕೇ ಬನ್ನಿ. ಒಂದೇ ದಿನ ಎರಡು ಬೇಡ.

ಐದು ವರ್ಷ ತುಂಬಿದಾಗ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ ಪರೀಕ್ಷೆ) ಮಾಡಿಸಿ, ಆದಷ್ಟೂ ಮೊದಲು ಮಾಡಿಸಿದ ಯಂತ್ರದಲ್ಲೇ. ಯಂತ್ರ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ. ಸೊಂಟದ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿ ನೋಡಿ. ಅದು ಮೈನಸ್ ಲೆಕ್ಕ: −2.8 ಅಂದರೆ −2.2ಕ್ಕಿಂತ ಕೆಟ್ಟದ್ದು. ಸ್ಕೋರ್ −2.5ಕ್ಕಿಂತ ಮೇಲಿದ್ದು, ಸೊಂಟವೋ ಬೆನ್ನುಮೂಳೆಯೋ ಹಿಂದೆ ಮುರಿದಿಲ್ಲವಾದರೆ ಡಾಕ್ಟರು ಮಾತ್ರೆಗೆ ಬಿಡುವು ಕೊಡಬಹುದು. ಔಷಧಿ ಮೂಳೆಯಲ್ಲೇ ಕೂತು ವರ್ಷಗಟ್ಟಲೆ ಕೆಲಸ ಮಾಡುವುದರಿಂದ ಇದು ಸಾಧ್ಯ. ರೈಸೆಡ್ರೊನೇಟ್ ಸ್ವಲ್ಪ ಬೇಗ ಬಿಟ್ಟುಹೋಗುತ್ತದೆ. ಬಿಡುವಿನಲ್ಲೂ 2–3 ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ಮಾತ್ರೆ ನುಂಗುತ್ತಿರುವಾಗಲೇ ಮೂಳೆ ಮುರಿದಿದ್ದರೆ, ಅಥವಾ ಆಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೆರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಬಿಡುವಿನ ಮಾತಿಲ್ಲ. ಚಿಕಿತ್ಸೆ 10 ವರ್ಷದವರೆಗೂ ಹೋಗಬಹುದು, ಇಲ್ಲವೇ ಔಷಧಿ ಬದಲಾಗಬಹುದು.

ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂಗೆ ಇದೇ ನಿಯಮ: 3 ವರ್ಷ, ಅಪಾಯ ಹೆಚ್ಚಿದ್ದರೆ 6. ಡ್ರಿಪ್‌ಗೆ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ.

ಮೇಲಿನ ‘ಬಿಡುವು’ ಡೆನೊಸುಮ್ಯಾಬ್‌ಗೆ ಇಲ್ಲವೇ ಇಲ್ಲ. ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಈ 60 ಮಿ.ಗ್ರಾಂ ಇಂಜೆಕ್ಷನ್ ಮೂಳೆಯಲ್ಲಿ ಉಳಿಯುವುದಿಲ್ಲ. ಗಡುವು ದಾಟಿದರೆ, ಅಷ್ಟು ದಿನ ತಡೆದಿಟ್ಟಿದ್ದ ಸವೆತ ಕಟ್ಟೆಯೊಡೆದ ನೀರಿನಂತೆ ನುಗ್ಗುತ್ತದೆ; ಬೆನ್ನಿನ ಎರಡು ಮೂರು ಮೂಳೆ ಒಟ್ಟಿಗೇ ಕುಸಿಯಬಹುದು. ಹಿಂದಿನ ಡೋಸ್‌ನಿಂದ 7 ತಿಂಗಳು ದಾಟಲು ಬಿಡಬೇಡಿ. ಸಂಕ್ರಾಂತಿಗೆ ಹಾಕಿಸಿದರೆ ಮುಂದಿನದು ಜುಲೈ 15ರ ಸುಮಾರಿಗೆ. ನಾಟಿ, ಕಟಾವು, ಮನೆ ಮದುವೆ ಅಂತ ಮುಂದೂಡುವಂಥದ್ದಲ್ಲ ಇದು. ಹತ್ತು ವರ್ಷದವರೆಗೆ ಕೊಟ್ಟು ನೋಡಿರುವ ಔಷಧಿ ಇದು, ಆದರೆ ದುಬಾರಿ. ದುಡ್ಡು ಹೊಂದದಿದ್ದರೆ ಸುಮ್ಮನೆ ನಿಲ್ಲಿಸದೆ ಮುಂಚೆಯೇ ಡಾಕ್ಟರಿಗೆ ಹೇಳಿ. ಕೊನೆಯ ಇಂಜೆಕ್ಷನ್ ಆಗಿ ಆರು ತಿಂಗಳಿಗೆ ಜೊಲೆಡ್ರೊನಿಕ್ ಡ್ರಿಪ್ಪೋ ವಾರದ ಮಾತ್ರೆಯೋ ಶುರುಮಾಡಿ ಇಳಿಸುವ ದಾರಿ ಇದೆ.

ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಪೆನ್ 20 ಮೈಕ್ರೋಗ್ರಾಂ, ಸಾಮಾನ್ಯವಾಗಿ 24 ತಿಂಗಳು. ಫ್ರಿಜ್‌ನಲ್ಲಿ 2–8 ಡಿಗ್ರಿಯಲ್ಲಿಡಿ, ಫ್ರೀಜರ್‌ನಲ್ಲಲ್ಲ. ಅದು ಮುಗಿದ ಕೂಡಲೇ ಮಾತ್ರೆಯೋ ಬೇರೆ ಇಂಜೆಕ್ಷನ್ನೋ ಬೇಕು, ಇಲ್ಲದಿದ್ದರೆ ಕಟ್ಟಿಕೊಂಡ ಮೂಳೆ ಮತ್ತೆ ಕರಗುತ್ತದೆ.

ಯಾವ ಔಷಧಿಗೆ ಬಿಡುವು ಸಿಕ್ಕರೂ ಕ್ಯಾಲ್ಸಿಯಂಗೆ ಇಲ್ಲ: ದಿನಕ್ಕೆ ಊಟವೂ ಸೇರಿ 1000–1200 ಮಿ.ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಇರುತ್ತದೆ, ಮುದ್ದೆ ಬಿಟ್ಟು ಬರೀ ಅನ್ನಕ್ಕೆ ತಿರುಗಿದವರು ಲೆಕ್ಕ ಹಾಕಿಕೊಳ್ಳಿ.

ಹಲ್ಲು ಕೀಳಿಸುವುದಿದ್ದರೆ ಔಷಧಿ ಶುರುವಾಗುವ ಮೊದಲೇ ಮುಗಿಸಿ. ಶುರುವಾದ ಮೇಲಾದರೆ ದಂತವೈದ್ಯರಿಗೆ ಔಷಧಿಯ ಹೆಸರು ಹೇಳಿ. ದವಡೆ ಮೂಳೆ ಮಾಯದೆ ಉಳಿಯುವುದು ಅಪರೂಪ, ಆದರೂ ಉಂಟು. ವರ್ಷಗಟ್ಟಲೆ ಈ ಔಷಧಿ ನಡೆಯುತ್ತಿರುವವರಿಗೆ ಪೆಟ್ಟಿಲ್ಲದೆ ತೊಡೆ ಅಥವಾ ತೊಡೆಸಂದಿಯಲ್ಲಿ ಹೊಸ ನೋವು ಬಂದರೆ ಎಣ್ಣೆ ತಿಕ್ಕಿ ಕಾಯಬೇಡಿ. ಅದು ತೊಡೆಮೂಳೆ ಬಿರುಕು ಬಿಡುತ್ತಿರುವ ಸೂಚನೆಯಾಗಿರಬಹುದು. ಆ ಕಾಲಿಗೆ ಭಾರ ಕೊಡದೆ ಹೋಗಿ ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ.