ತಟ್ಟೆಯಲ್ಲಿ ಧೂಳು ತೂಗಿ ಡಿಎಂಎಫ್ ಹಣ ತಂದ ಕಥೆ

ಕಳೆದ ಬೇಸಿಗೆಯಲ್ಲಿ ನಮ್ಮ ತಾಂಡಾದ ರಸ್ತೆಗೆ ಕಾಂಕ್ರೀಟ್ ಬಿತ್ತು. ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ. ಖರ್ಚು ಸುಮಾರು 68 ಲಕ್ಷ. ಅಷ್ಟೂ ಡಿಎಂಎಫ್ ಹಣ, ಅಂದರೆ ಗಣಿ ಬಾಧಿತ ಊರುಗಳ ಕೆಲಸಕ್ಕೆ ಅಂತ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. "ದೊಡ್ಡವರ ಚೀಟಿ ಇಲ್ಲದೆ ಆ ಹಣ ಅಲ್ಲಾಡೋದಿಲ್ಲ" ಅಂತ ನಕ್ಕವರೇ ಈಗ ಫೋನ್ ಮಾಡಿ "ಹೆಂಗ್ ಮಾಡಿದ್ರಿ" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದು ಇಡುತ್ತಿದ್ದೇನೆ.

ಅರ್ಜಿ, ಸ್ವೀಕೃತಿ, ಆರ್‌ಟಿಐ, ಗ್ರಾಮಸಭೆ ಇವೆಲ್ಲ ನಿಮಗೆ ಗೊತ್ತಿರುವ ವಿಷಯ. ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ನಮ್ಮದು ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯ ಅದಿರು ಸೀಮೆ. ಅದರಲ್ಲಿ ಯಾವ ಜಿಲ್ಲೆ, ಯಾವ ಊರು ಅಂತ ಕೇಳಬೇಡಿ. ಇನ್ನೂ ಎರಡು ಕಡತ ಓಡಾಡುತ್ತಿವೆ.

ಮೊದಲ ಅರ್ಜಿ ಹಾಕಿದ್ದು 2021ರಲ್ಲಿ. "ಗಣಿ ಧೂಳಿನಿಂದ ನಮಗೆ ತುಂಬಾ ತೊಂದರೆ, ದಯವಿಟ್ಟು ಪರಿಹಾರ ಕೊಡಿ" ಅಂತ ಎರಡು ಪುಟ ಬರೆದಿದ್ದೆ. ಕೆಮ್ಮು, ಕಣ್ಣುರಿ, ಕೆಂಪಾದ ಬಟ್ಟೆ, ಒಣ ಹಾಕಿದ ಮೆಣಸಿನಕಾಯಿ ಎಲ್ಲ ಬರೆದಿದ್ದೆ. ಓದಿದವರ ಕಣ್ಣಲ್ಲಿ ನೀರು ಬರಬೇಕು ಅನ್ನೋ ಹಾಗಿತ್ತು. ಯಾರ ಕಣ್ಣಲ್ಲೂ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಸಾಲಿನ ಹಿಂಬರಹ ಬಂತು. ನಿಮ್ಮ ಗ್ರಾಮ ಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇಲ್ಲ ಅಂತ.

ಗಣಿಗೆ ಎಲ್ಲರಿಗಿಂತ ಹತ್ತಿರ ಇರುವವರು ನಾವು. ಗುಡ್ಡದಿಂದ ಇಳಿಯುವ ಲಾರಿಗೆ ಮೊದಲು ಸಿಗುವ ಮನೆಗಳೇ ನಮ್ಮವು. ಆದರೂ ಪಟ್ಟಿಯಲ್ಲಿ ಇಲ್ಲ! ಯಾಕೆ ಅಂತ ಹುಡುಕಿದರೆ ಕಾರಣ ಸಣ್ಣದು. ಪಟ್ಟಿ ಮಾಡಿದ್ದು ಕಂದಾಯ ಗ್ರಾಮಗಳ, ಅಂದರೆ ಸರ್ಕಾರಿ ದಾಖಲೆಯಲ್ಲಿ ಪ್ರತ್ಯೇಕ ಊರು ಅಂತ ಇರುವವುಗಳ ಲೆಕ್ಕದಲ್ಲಿ. ನಮ್ಮ ತಾಂಡಾ ಕಂದಾಯ ಗ್ರಾಮವೇ ಆಗಿರಲಿಲ್ಲ. ಕಾಗದದಲ್ಲಿ ನಾವು ಮೂರು ಕಿಲೋಮೀಟರ್ ಆಚೆಯ ಮೂಲ ಗ್ರಾಮದ ಬಾಲ. ಮೂಲ ಗ್ರಾಮಕ್ಕೆ ಡಿಎಂಎಫ್‌ನಿಂದ ಸಮುದಾಯ ಭವನ ಬಂದಿತ್ತು, ಕಾಂಪೌಂಡ್ ಬಂದಿತ್ತು. ಬಾಲಕ್ಕೆ ಏನೂ ಬಂದಿರಲಿಲ್ಲ. ತಾಂಡಾ, ಹಟ್ಟಿ, ಕಾಲೋನಿಗಳ ಪರವಾಗಿ ಓಡಾಡುವವರು ಮೊದಲು ಇದನ್ನು ನೋಡಿಕೊಳ್ಳಿ. ನಾನು ನೋಡದೆ ಒಂದು ವರ್ಷ ಕಳೆದೆ.

ಕಂದಾಯ ಗ್ರಾಮ ಆಗುವವರೆಗೆ ಕಾಯುತ್ತಾ ಕೂತಿದ್ದರೆ ಇವತ್ತಿಗೂ ಕಾಯುತ್ತಿದ್ದೆವು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು. "ಬಾಧಿತ ಪಟ್ಟಿಯಲ್ಲಿರುವ ಮೂಲ ಗ್ರಾಮದ ಇಂಥಿಂಥ ಸರ್ವೆ ನಂಬರ್‌ಗಳಲ್ಲಿ ಇರುವ ತಾಂಡಾ" ಅಂತಲೇ ಬರೆಸಿದೆವು. ಈ ಒಂದು ವಾಕ್ಯಕ್ಕೆ ಮೂರು ಗ್ರಾಮಸಭೆ ಬೇಕಾಯಿತು. ಮೊದಲ ಸಲ ಕೋರಂ ಇಲ್ಲ. ಎರಡನೇ ಸಲ ನಡಾವಳಿ ಪುಸ್ತಕದಲ್ಲಿ ನಮ್ಮ ವಿಷಯವನ್ನೇ ಬರೆದಿರಲಿಲ್ಲ. ಮೂರನೇ ಸಲ ನಮ್ಮ ಹೆಂಗಸರು ನಲವತ್ತು ಜನ ಹೋಗಿ, ಪುಸ್ತಕದಲ್ಲಿ ಬರೆದು ಓದಿ ಹೇಳುವ ತನಕ ಎದ್ದೇಳಲಿಲ್ಲ. ಒಬ್ಬ ಅಜ್ಜಿ ಪಿಡಿಒ ಸಾಹೇಬರಿಗೆ, "ತಮ್ಮಾ, ಬರಕೊಂಡು ಹೋಗು, ನಾವೇನು ಗಡಿಬಿಡಿ ಮಾಡಂಗಿಲ್ಲ, ರೊಟ್ಟಿ ಕಟ್ಟಿಕೊಂಡೇ ಬಂದೀವಿ" ಅಂದರು. ಆ ಮೇಲೆ ಬರವಣಿಗೆ ಬೇಗ ಮುಗಿಯಿತು.

ಎರಡನೇ ಅರ್ಜಿಯಲ್ಲಿ ನೇರವಾಗಿ ರಸ್ತೆ ಕೇಳಿದೆವು. ಆ ರಸ್ತೆ ಮಣ್ಣಿನದು. ಅದಿರು ಲಾರಿ ಓಡಾಡಿ ಓಡಾಡಿ ಹಿಟ್ಟಿನ ಹಾಗೆ ನುಣ್ಣಗಾಗಿತ್ತು. ಅದೂ ವಾಪಸ್. ಈ ಸಲ ಕಾರಣ ಬೇರೆ. ರಸ್ತೆ ಅಂದರೆ ಭೌತಿಕ ಮೂಲಸೌಕರ್ಯ, ಆ ಪಾಲಿನ ಹಣ ಈ ವರ್ಷದ್ದು ಮುಗಿದಿದೆ ಅಂದರು.

ನನಗೆ ಬುದ್ಧಿ ಬಂದಿದ್ದು ಇಲ್ಲಿ. ಡಿಎಂಎಫ್ ಹಣ ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಅಂತ ಹೇಳುವ, 2015ರ ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ತೆಗೆದು ಕೂತೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಾಲಿನ್ಯ ನಿಯಂತ್ರಣ ಇಂಥ ಆದ್ಯತೆ ಬಾಬಿಗೆ ಕನಿಷ್ಠ ನೂರಕ್ಕೆ 60. ರಸ್ತೆ, ಸೇತುವೆ, ನೀರಾವರಿ ಮುಂತಾದ್ದಕ್ಕೆ ಉಳಿದ 40ರ ಒಳಗೆ. ಎಲ್ಲರೂ ಬಂದು ಬೀಳುವುದು ಆ ನಲವತ್ತರ ಮೇಲೆ. ಮಾಲಿನ್ಯ ನಿಯಂತ್ರಣದ ಸಾಲನ್ನು ಓದಿದರೆ, ಗಣಿಗಾರಿಕೆಯಿಂದ ಏಳುವ ಧೂಳನ್ನು ತಡೆಯುವ ಕ್ರಮಗಳು ಅಂತ ಅದರಲ್ಲೇ ಇದೆ. ನಮ್ಮ ರಸ್ತೆಗೆ ಕಾಂಕ್ರೀಟ್ ಹಾಕುವುದು ಧೂಳು ತಡೆಯುವ ಕ್ರಮ ಅಲ್ಲದೆ ಇನ್ನೇನು? ಅದೇ ರಸ್ತೆ, ಅದೇ ಜಲ್ಲಿ ಸಿಮೆಂಟು. ಶೀರ್ಷಿಕೆ ಮಾತ್ರ ಬೇರೆ.

ಹೇಳುವುದು ಸುಲಭ. ಎಂಜಿನಿಯರ್ ಒಪ್ಪಬೇಕಲ್ಲ. "ರಸ್ತೆ ಅಂದ್ರೆ ರಸ್ತೇನೇರೀ. ಧೂಳು ಕಡಿಮೆ ಆಗುತ್ತೆ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?" ಅಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು, ನನ್ನ ಹತ್ತಿರ ಏನೂ ಇರಲಿಲ್ಲ.

ಆನ್‌ಲೈನ್‌ನಲ್ಲಿ ಮೂರೂವರೆ ಸಾವಿರ ಕೊಟ್ಟು ಧೂಳು ಅಳೆಯುವ ಒಂದು ಸೆನ್ಸರ್ ತರಿಸಿದೆ. ಪಿಎಂ10, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಧೂಳಿನ ಕಣ, ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 100 ಮೈಕ್ರೊಗ್ರಾಂ ದಾಟಬಾರದು ಅನ್ನುವುದು ದೇಶದ ಮಾನದಂಡ. ನಮ್ಮ ಡಬ್ಬಿ ಲಾರಿ ಹೋದಾಗಲೆಲ್ಲ 400 ತೋರಿಸುತ್ತಿತ್ತು. ಕುಣಿದಾಡಿಕೊಂಡು ಹೋದೆ. "ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಎಲ್ಲಿ?" ಅಂದರು, ಅಂದರೆ ಡಬ್ಬಿಯ ಅಳತೆ ಸರಿ ಇದೆ ಅನ್ನುವ ಪ್ರಮಾಣಪತ್ರ. ಅಲ್ಲಿಗೆ ಮುಗಿಯಿತು. ಎರಡು ತಿಂಗಳಿಗೆ ಡಬ್ಬಿಯೂ ಧೂಳು ಕುಡಿದು ಸತ್ತಿತು. ಇದಕ್ಕಿಂತ ಮುಂಚೆ ಪೇಟೆಯಲ್ಲಿ ಒಬ್ಬರು ಯೋಜನಾ ವರದಿ ಬರೆದುಕೊಡುತ್ತೇನೆ ಅಂತ ಆರು ಸಾವಿರ ತೆಗೆದುಕೊಂಡಿದ್ದರು. ಅದರಲ್ಲಿ ಬೇರೆ ಯಾವುದೋ ಊರಿನ ಹೆಸರು ಹಾಗೇ ಉಳಿದಿತ್ತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಟ್ಟೆಯ ಯೋಚನೆ ನನ್ನದೇ. ಹೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ತಾಂಡಾದ ರಸ್ತೆಯಲ್ಲಿ ಗುಡಿಯ ಮುಂದೆ ಮಾತ್ರ ನೂರೈವತ್ತು ಮೀಟರ್ ಹಳೇ ಕಾಂಕ್ರೀಟ್ ಇತ್ತು. ಉಳಿದದ್ದೆಲ್ಲ ಮಣ್ಣು. ಲಾರಿ ಅದೇ, ಗಾಳಿ ಅದೇ, ದಿನವೂ ಅದೇ. ಎರಡು ಕಡೆಯೂ ಒಂದೇ ಅಳತೆಯ ಸ್ಟೀಲ್ ತಟ್ಟೆ ಇಟ್ಟು, ವಾರಕ್ಕೊಮ್ಮೆ ತೂಗಿದರೆ ಆಯಿತಲ್ಲ? ಆಗ ನಮ್ಮ ತಕ್ಕಡಿಯನ್ನು ಯಾರೂ ನಂಬಬೇಕಾಗಿಲ್ಲ. ವ್ಯತ್ಯಾಸ ನಂಬಿದರೆ ಸಾಕು. ನನಗಿಂತ ಹಿರಿಯ ಹೋರಾಟಗಾರರೊಬ್ಬರು "ಧರಣಿ ಕೂರೋದು ಬಿಟ್ಟು ತಟ್ಟೆ ಹಿಡಿದು ಕೂತಿದ್ದೀಯಲ್ಲೋ" ಅಂತ ಬೈದರು.

ಮೊದಲ ತಿಂಗಳು ಪೂರ್ತಿ ಹಾಳು. ಖಾಲಿ ತಟ್ಟೆಯಲ್ಲಿ ಬಿದ್ದ ಧೂಳು ಸಂಜೆ ಗಾಳಿಗೆ ಹಾರಿ ಹೋಗುತ್ತಿತ್ತು. ಶೇಂಗಾ ಎಣ್ಣೆ ಸವರಿದೆವು. ಇರುವೆ ಮುತ್ತಿದವು. ನೀರು ಹಾಕಿ ಇಟ್ಟೆವು. ಕೋಳಿ ಕುಡಿಯಿತು. ಒಂದು ತಟ್ಟೆಯನ್ನು ಕೋತಿ ತೆಗೆದುಕೊಂಡು ಹೋಯಿತು, ಅದು ಇವತ್ತಿಗೂ ಸಿಕ್ಕಿಲ್ಲ. ಕೊನೆಗೆ ಕೆಲಸಕ್ಕೆ ಬಂದಿದ್ದು ಹುಡುಗರ ಗೋಲಿ. ತಟ್ಟೆ ತುಂಬ ಗೋಲಿ ಹರಡಿದರೆ ಧೂಳು ಸಂದಿಗೆ ಇಳಿದು ಕೂರುತ್ತದೆ. ಗಾಳಿಗೆ ಏಳುವುದಿಲ್ಲ. ಮೇಲೆ ಕೋಳಿ ಜಾಲರಿ ಮುಚ್ಚಿದೆವು. ವಾರ ಆದ ಮೇಲೆ ಗೋಲಿ ತೊಳೆದು, ಆ ನೀರು ಒಣಗಿಸಿ, ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗುವುದು. ತಕ್ಕಡಿಗೆ ಸಾವಿರದ ನಾನೂರು ಬಿತ್ತು. ಒಣಗಿಸುವಾಗ ಧೂಳು ಪಾತ್ರೆಗೆ ಅಂಟಿ ತೂಕ ತಪ್ಪುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಬಂದು ಚಹಾ ಕುಡಿಸಿದವರಿಗೆ ಹೇಳುತ್ತೇನೆ.

ಮಣ್ಣು ರಸ್ತೆಯ ಪಕ್ಕದ ತಟ್ಟೆಯಲ್ಲಿ ವಾರಕ್ಕೆ ಎರಡೂವರೆ ಗ್ರಾಂ ಆಸುಪಾಸು. ಕಾಂಕ್ರೀಟ್ ಪಕ್ಕದ್ದರಲ್ಲಿ ಅರ್ಧ ಗ್ರಾಂ, ಒಮ್ಮೊಮ್ಮೆ ಸ್ವಲ್ಪ ಜಾಸ್ತಿ. ಹನ್ನೊಂದು ವಾರ ತೂಗಿದೆವು. ಮಳೆ ಬಂದ ಎರಡು ವಾರ ಲೆಕ್ಕದಿಂದ ಬಿಟ್ಟೆವು. ಬಿಟ್ಟಿದ್ದನ್ನೂ ಬರೆದಿಟ್ಟೆವು. ನಾಲ್ಕನೇ ವಾರದಿಂದ ತಟ್ಟೆ ಇಡುವಾಗ, ತೆಗೆಯುವಾಗ ಅಂಗನವಾಡಿ ಟೀಚರ್ ಸಹಿ ಇರುತ್ತಿತ್ತು. ಎಂಟನೇ ವಾರ ಅದೇ ಎಂಜಿನಿಯರನ್ನು ಕರೆದು, "ಸರ್, ನೀವೇ ಇಡಿ, ನೀವೇ ಸೀಲ್ ಹಾಕಿ" ಅಂದೆವು. ಅವರು ಇಟ್ಟ ತಟ್ಟೆಯಲ್ಲೂ ಅಷ್ಟೇ ಬಂತು. ಮನುಷ್ಯ ಒಳ್ಳೆಯವರು. ಆಮೇಲೆ ನಮ್ಮ ಪರವಾಗಿಯೇ ಟಿಪ್ಪಣಿ ಬರೆದರು.

ಲಾರಿ ಎಣಿಕೆಯೂ ಮಾಡಿದೆವು. ಪಿಯುಸಿ ಹುಡುಗರು ಮೂರು ದಿನ ಪಾಳಿಯಲ್ಲಿ ಕೂತು ಎಣಿಸಿದರು. ದಿನಕ್ಕೆ 210ರಿಂದ 240ರ ಮಧ್ಯೆ ಬಂದ ನೆನಪು. ಇದು ಧೂಳಿಗಿಂತ ಇನ್ನೊಂದಕ್ಕೆ ಉಪಯೋಗವಾಯಿತು. ಅಷ್ಟು ಲಾರಿ ತೂಕಕ್ಕೆ ಎಷ್ಟು ದಪ್ಪ ಕಾಂಕ್ರೀಟ್ ಬೇಕು ಅನ್ನುವ ಲೆಕ್ಕ ಅಂದಾಜು ಪಟ್ಟಿಯಲ್ಲಿ ಸರಿಯಾಗಿ ಕೂತಿತು.

ಹಾಗೇ ಇನ್ನೊಂದು ಪ್ರಯೋಗ ಮಾಡಿದ್ದೆ. ಅಂಗನವಾಡಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ಒಳಗೊಂದು ತಟ್ಟೆ ಇಟ್ಟೆ. ಧೂಳು ಅರ್ಧಕ್ಕೆ ಇಳಿಯಿತು. ಆದರೆ ಗಂಟೆಗೊಮ್ಮೆ ನೀರು ಚಿಮುಕಿಸಬೇಕು. ನಮ್ಮಲ್ಲಿ ಕುಡಿಯುವ ನೀರಿಗೇ ಸರದಿ. ಬಿಟ್ಟೆವು. ಹೊಂಗೆ ಎಲೆಯ ಧೂಳು ಒರೆಸಿ ತೂಗುವುದನ್ನೂ ನೋಡಿದೆ. ತೂಕ ಒಂದೊಂದು ಎಲೆಗೆ ಒಂದೊಂದು ಥರ ಬಂತು. ಸುಮ್ನೆ ಟೈಮ್ ವೇಸ್ಟು.

ಇದರ ಮಧ್ಯೆ ಗೆಳೆಯರೊಬ್ಬರು ಜಗಳ ತೆಗೆದರು. ಧೂಳು ಎಬ್ಬಿಸಿದವರೇ ನೀರು ಹೊಡೆಸಬೇಕು, ಟಾರ್ಪಾಲ್ ಕಟ್ಟಬೇಕು, ಸರ್ಕಾರದ ಹಣ ಕೇಳಿ ಗಣಿಯವರನ್ನು ಯಾಕೆ ಬಿಡುತ್ತೀರಿ ಅಂತ. ಮಾತು ಸರಿಯೇ. ಆದರೆ ದೂರು ಕೊಟ್ಟಾಗಲೆಲ್ಲ ಎಂಟು ದಿನ ಟ್ಯಾಂಕರ್ ಬರುತ್ತಿತ್ತು, ಒಂಬತ್ತನೇ ದಿನ ನಿಲ್ಲುತ್ತಿತ್ತು. ಮತ್ತೆ ಡಿಎಂಎಫ್ ಹಣ ಅಂದರೂ ಅದು ಗಣಿಯವರದೇ ಅಲ್ವಾ? ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಗೆ ಮೊದಲಿನ ಗಣಿ ಗುತ್ತಿಗೆಯಾದರೆ ರಾಜಧನದ (ರಾಯಲ್ಟಿ) ನೂರಕ್ಕೆ 30, ಆಮೇಲೆ ಹರಾಜಿನಲ್ಲಿ ಹೋಗಿದ್ದಾದರೆ ನೂರಕ್ಕೆ 10 ಅವರೇ ಕಟ್ಟಬೇಕು. ನಮ್ಮ ಧೂಳಿನ ಹೆಸರಲ್ಲಿ ಕೂಡಿದ ದುಡ್ಡು ಅದು. ಕೆಲವರು ಇದನ್ನು ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ಗಣಿ ಪರಿಸರ ಪುನಶ್ಚೇತನ ನಿಗಮದ ಹಣದ ಜೊತೆ ಕಲಸುತ್ತಾರೆ. ಅದು ಬೇರೆ ಚೀಲ, ಅದರ ದಾರಿ ಬೇರೆ. ಒಂದೇ ಅರ್ಜಿಯಲ್ಲಿ ಎರಡರ ಹೆಸರೂ ಬರೆದರೆ ಅವರು ಇವರ ಕಡೆ, ಇವರು ಅವರ ಕಡೆ ತೋರಿಸುತ್ತಾರೆ. ಪರಿಶಿಷ್ಟರ ಉಪಯೋಜನೆಯ ಹಣಕ್ಕೂ ಒಮ್ಮೆ ಪಂಚಾಯಿತಿಯಲ್ಲಿ ಕೈ ಹಾಕಿದ್ದೆವು. ನಾಲ್ಕು ಬೀದಿ ದೀಪ ಬಂದವು.

2024ರ ಜನವರಿಯಲ್ಲಿ ಹೊಸ ಮಾರ್ಗಸೂಚಿ ಬಂದದ್ದು ನಮ್ಮ ಅದೃಷ್ಟ. ಆದ್ಯತೆ ಬಾಬಿನ ಪಾಲು ಕನಿಷ್ಠ 70ಕ್ಕೆ ಏರಿತು. ಗಣಿಯಿಂದ 15 ಕಿಲೋಮೀಟರ್ ಒಳಗೆ ಇದ್ದರೆ ನೇರ ಬಾಧಿತ, 25ರ ಒಳಗೆ ಇದ್ದರೆ ಪರೋಕ್ಷ ಬಾಧಿತ ಅಂತ ಅಳತೆಯೂ ಸಿಕ್ಕಿತು. ನಾವು ಇರುವುದು ಎರಡೂವರೆ ಕಿಲೋಮೀಟರ್‌ನಲ್ಲಿ. ಸರ್ವೆ ನಕ್ಷೆಯ ಮೇಲೆ ಕೈವಾರ ಇಟ್ಟು ಗೆರೆ ಎಳೆದು ಲಗತ್ತಿಸಿದೆವು. ಪಟ್ಟಿಯಲ್ಲಿ ಹೆಸರಿಲ್ಲ ಅನ್ನುವ ಮಾತು ಮತ್ತೆ ಏಳಲಿಲ್ಲ.

ಮೂರನೇ ಅರ್ಜಿಯಲ್ಲಿ ಕಣ್ಣೀರು ಇರಲಿಲ್ಲ. ಒಂದು ಪುಟ ವಿಷಯ, ಠರಾವಿನ ನಕಲು, ನಕ್ಷೆ, ತೂಕದ ಪಟ್ಟಿ, ಅಂದಾಜು ಪಟ್ಟಿ. ಅಷ್ಟೇ. ಕೊಟ್ಟದ್ದು ಕ್ರಿಯಾ ಯೋಜನೆ, ಅಂದರೆ ಆ ವರ್ಷ ಡಿಎಂಎಫ್ ಹಣದಲ್ಲಿ ಮಾಡುವ ಕೆಲಸಗಳ ಪಟ್ಟಿ, ಇನ್ನೂ ಕರಡು ಇದ್ದಾಗ. ಸಭೆ ಮುಗಿದ ಮೇಲೆ ಕೊಟ್ಟರೆ ಮುಂದಿನ ವರ್ಷಕ್ಕೇ. ಕರಡು ಯಾವಾಗ ತಯಾರಾಗುತ್ತದೆ, ಯಾವ ಮೇಜಿನ ಮೇಲೆ ಅನ್ನುವುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ನಾನು ಅದನ್ನು ಹೇಗೆ ಪತ್ತೆ ಮಾಡಿದೆ ಅನ್ನುವುದು ನನ್ನಲ್ಲೇ ಇರಲಿ.

ಮಂಜೂರಾತಿ ಬಂದ ದಿನ ಪೇಡಾ ಹಂಚಿದೆವು. ಅದು ತಪ್ಪು. ಕೆಲಸ ಶುರುವಾಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಪೇಡಾ ತಿಂದವರೆಲ್ಲ ದಿನಾ ನನ್ನನ್ನೇ ಕೇಳುತ್ತಿದ್ದರು.

ಕೆಲಸ ಶುರುವಾದ ಮೇಲೆ ಅಂದಾಜು ಪಟ್ಟಿಯ ನಕಲು ಆರ್‌ಟಿಐನಲ್ಲಿ ತೆಗೆದೆ. ಪುಟಕ್ಕೆ ಎರಡು ರೂಪಾಯಿ ಅಷ್ಟೇ. ಅದು ಕೈಯಲ್ಲಿದ್ದರೆ ಗುತ್ತಿಗೆದಾರರ ಮಾತಿನ ಧಾಟಿಯೇ ಬದಲಾಗುತ್ತದೆ. ದಪ್ಪ 20 ಸೆಂಟಿಮೀಟರ್ ಇರಬೇಕಿತ್ತು. ಒಂದು ಕಡೆ ಅಂಚಿನಲ್ಲಿ ಗೇಣು ಹಾಕಿ ನೋಡಿದರೆ ಅನುಮಾನ ಬಂತು. ಟೇಪ್ ಹಿಡಿದರೆ 14 ಬಂತು. ಫೋಟೊ ತೆಗೆದು ಕಳಿಸಿದ ಮೇಲೆ ನಲವತ್ತು ಮೀಟರ್ ಒಡೆದು ಮತ್ತೆ ಹಾಕಿದರು. ಕ್ಯೂರಿಂಗ್‌ಗೆ ನೀರು ಬಿಡುವ ಕೆಲಸ ಮಾತ್ರ ನಾವೇ ಮಾಡಿಕೊಂಡೆವು. ಅವರನ್ನು ನಂಬಿದ್ದರೆ ಆಗುತ್ತಿರಲಿಲ್ಲ.

ನಮ್ಮ ಕೈಯಿಂದ ಎಲ್ಲ ಸೇರಿ ಸುಮಾರು 27 ಸಾವಿರ ಹೋಯಿತು. ಬಸ್ ಚಾರ್ಜೇ ಅರ್ಧ. ಸೆನ್ಸರ್, ತಕ್ಕಡಿ, ಆ ಹಾಳು ಯೋಜನಾ ವರದಿ, ಜೆರಾಕ್ಸ್. ತಾಂಡಾದಲ್ಲಿ ಮನೆಗೆ ನೂರು ರೂಪಾಯಿ ಎತ್ತಿದ್ದೆವು, ಅರವತ್ತು ಚಿಲ್ಲರೆ ಮನೆ. ಉಳಿದದ್ದು ನನ್ನ ಜೇಬು. ಕೂಲಿ ಬಿಟ್ಟು ಬಂದವರ ದಿನಗಳನ್ನು ಲೆಕ್ಕ ಹಾಕಿಲ್ಲ. ಹಾಕಿದರೆ ಹೆಂಡತಿ ಕೈಗೆ ಸಿಕ್ಕಿಬೀಳುತ್ತೇನೆ.

ಕಾಂಕ್ರೀಟ್ ಆದ ಮೇಲೂ ತಟ್ಟೆ ಇಟ್ಟಿದ್ದೇವೆ. ಈಗ ವಾರಕ್ಕೆ ಮುಕ್ಕಾಲು ಗ್ರಾಂ ಬರುತ್ತದೆ. ಗುಡಿಯ ಮುಂದಿನಷ್ಟು ಇಳಿದಿಲ್ಲ. ಯಾಕೆ ಅಂದರೆ ರಸ್ತೆಯ ಎರಡೂ ಅಂಚಿನ ಮಣ್ಣಿಗೆ ಲಾರಿ ಚಕ್ರ ಇಳಿಯುತ್ತದೆ. ಅಂಚಿಗೆ ಕಲ್ಲು ಹಾಸು ಅಂದಾಜಿನಲ್ಲಿ ಸೇರಿಸಲು ನಾನೇ ಮರೆತಿದ್ದೆ. ನೀವು ಮರೆಯಬೇಡಿ.

ಓವರ್‌ಹೆಡ್ ಟ್ಯಾಂಕಿನ ಕಡತ ತಾಂತ್ರಿಕ ಮಂಜೂರಾತಿಗೆ ಹೋಗಿ ಐದು ವಾರ ಆಯಿತು. ಸೋಮವಾರ ವಿಚಾರಿಸಲು ಹೋಗಬೇಕು. ಈ ಸಲ ನನ್ನ ಜೊತೆ ಆ ರೊಟ್ಟಿ ಅಜ್ಜಿಯೂ ಬರುತ್ತಾರಂತೆ.