ಹ್ಯಾರಿಸ್‌ಗೆ ಹೋದರೆ ಮೊದಲು ಪೂರ್ವದ ದಾರಿ ಹಿಡಿಯಿರಿ

ಸ್ಕಾಟ್ಲೆಂಡ್‌ನ ವಾಯವ್ಯಕ್ಕಿರುವ ಲೂಯಿಸ್ ಮತ್ತು ಹ್ಯಾರಿಸ್‌ಗೆ ಹೆಸರು ಎರಡು, ದ್ವೀಪ ಒಂದೇ: ಉತ್ತರದ ಭಾಗ ಲೂಯಿಸ್, ದಕ್ಷಿಣದ್ದು ಹ್ಯಾರಿಸ್. ಸ್ಕಾಟ್ಲೆಂಡ್ ಕರಾವಳಿಯ ಉಲ್ಲಾಪೂಲ್‌ನಲ್ಲಿ ಕಾರನ್ನು ಫೆರಿಗೆ ಹತ್ತಿಸಿದೆ. ಎರಡೂಮುಕ್ಕಾಲು ಗಂಟೆ ಸಮುದ್ರ, ಆಮೇಲೆ ಲೂಯಿಸ್‌ನ ಸ್ಟಾರ್ನೊವೇ ಊರು. ಅವತ್ತು ಶನಿವಾರ. ಇಲ್ಲಿ ಭಾನುವಾರ ಅಂಗಡಿ, ಪೆಟ್ರೋಲ್ ಬಂಕ್ ಬಹುತೇಕ ಮುಚ್ಚಿರುತ್ತವೆ. ಹಾಗಾಗಿ ಇಳಿದ ಕೂಡಲೇ ಟ್ಯಾಂಕ್ ತುಂಬಿಸಿ, ಬ್ರೆಡ್ಡು, ಹಾಲು, ಹಣ್ಣು ತಗೊಂಡೆ. ಭಾನುವಾರ ಇಡೀ ಕ್ಯಾಲನಿಶ್‌ನ ಸುಮಾರು 5,000 ವರ್ಷ ಹಳೆಯ ನಿಲುಗಲ್ಲುಗಳ ನಡುವೆ ಕಳೆದೆ.

ಸೋಮವಾರ ದಕ್ಷಿಣಕ್ಕೆ ಹೊರಟೆ. ಲೂಯಿಸ್‌ನ ಕಂದು ಜೌಗು ಮುಗಿದು 799 ಮೀಟರಿನ ಕ್ಲಿಶಮ್ ಬೆಟ್ಟ ಎದುರಾಯಿತು. ಅದರ ಪಕ್ಕದ ಏರು ಹತ್ತಿ ಇಳಿದರೆ ಹ್ಯಾರಿಸ್‌ನ ಟಾರ್ಬರ್ಟ್ ಊರು. ಅಲ್ಲಿಂದ ಸುಮಾರು ಜನ ಸೀದಾ ಪಶ್ಚಿಮದ ಬಿಳಿ ಮರಳಿನ ತೀರಕ್ಕೆ ಹೋಗುತ್ತಾರೆ. ನಾನು ಪೂರ್ವದ ಗೋಲ್ಡನ್ ರೋಡ್ ಹಿಡಿದೆ. ಕಟ್ಟಲು ಅಷ್ಟು ದುಡ್ಡು ಸುರಿಯಬೇಕಾಯಿತು, ಅದಕ್ಕೇ ಆ ಹೆಸರು ಅಂತಾರೆ.

ಒಂದೇ ಕಾರಿನ ಅಗಲದ ರಸ್ತೆ, ಬರೀ ತಿರುವು, ನಡುವೆ ಕುರಿಗಳು. ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಬೋರ್ಡು, ಅಂದರೆ ಇನ್ನೊಂದು ಗಾಡಿಗೆ ದಾರಿ ಬಿಡಲು ರಸ್ತೆ ಅಗಲ ಮಾಡಿದ ಜಾಗ. ನಮ್ಮಲ್ಲಿಯ ಹಾಗೆ ಎಡಕ್ಕೇ ಓಡಿಸುವುದು. ಆ ಜಾಗ ಎಡಕ್ಕಿದ್ದರೆ ನಾವು ಸರಿದು ನಿಲ್ಲಬೇಕು. ಬಲಕ್ಕಿದ್ದರೆ ಅದರ ಪಕ್ಕ ರಸ್ತೆಯಲ್ಲೇ ನಿಂತರೆ ಎದುರಿನವರು ಬಳಸಿಕೊಂಡು ಹೋಗುತ್ತಾರೆ. ಹಿಂದಿನವರಿಗೂ ದಾರಿ ಬಿಡಬೇಕು ಅನ್ನುವುದು ನನಗೆ ತಡವಾಗಿ ಹೊಳೆಯಿತು. ಒಂದು ವ್ಯಾನು ತುಂಬಾ ಹೊತ್ತಿನಿಂದ ಹಿಂದೆಯೇ ಬರುತ್ತಿತ್ತು. ಸರಿದು ನಿಂತೆ. ಅವರು ಕೈ ಎತ್ತಿ ಮುಂದೆ ಹೋದರು. ನಮಗೆ ಪ್ರವಾಸ, ಅವರಿಗೆ ದಿನಾ ಓಡಾಡುವ ದಾರಿ ಅಲ್ವಾ?

ಸುತ್ತ ಬೂದು ಬಂಡೆ, ಬಂಡೆಯ ಗುಂಡಿಗಳಲ್ಲಿ ನೀರು. ಒಂದು ಕಡೆ ನಿಲ್ಲಿಸಿ ನೋಡಿದೆ. ಬಂಡೆಗಳ ಸಂದಿಯಲ್ಲಿ ಸಾಲು ಸಾಲು ಹಸಿರು ಏರಿಗಳು, ಅಡಕೆ ತೋಟದ ಬದುವಿನಷ್ಟೇ ಅಗಲ. 19ನೇ ಶತಮಾನದಲ್ಲಿ ಜಮೀನ್ದಾರರು ಕುರಿ ಸಾಕಲು ಪಶ್ಚಿಮದ ಒಳ್ಳೆಯ ನೆಲದಿಂದ ಜನರನ್ನು ಎಬ್ಬಿಸಿದರು. ಇಲ್ಲಿಗೆ ಬಂದವರು ಕಡಲಪಾಚಿ ಹೊತ್ತು ತಂದು, ಜೌಗುಮಣ್ಣಿನ ಜೊತೆ ಬಂಡೆಯ ಮೇಲೆ ಪೇರಿಸಿ, ಈ ಏರಿಗಳನ್ನು ಮಾಡಿ ಆಲೂಗಡ್ಡೆ ಬೆಳೆದರು. ಹೂಳಲು ಬೇಕಾದಷ್ಟು ಮಣ್ಣಿರಲಿಲ್ಲ. ಸತ್ತವರನ್ನು ಬೆಟ್ಟ ದಾಟಿಸಿ ಪಶ್ಚಿಮಕ್ಕೆ ಹೊತ್ತೊಯ್ಯುತ್ತಿದ್ದರು.

ದಕ್ಷಿಣ ತುದಿಯ ರೋಡೆಲ್‌ನಲ್ಲಿ ಸುತ್ತು ಹಾಕಿ ನಾನೂ ಪಶ್ಚಿಮಕ್ಕೆ ಬಂದೆ. ಲಸ್ಕೆಂಟಾಯರ್ ತೀರದಲ್ಲಿ ಕಡಲ ನೀರು ಇಳಿದಿತ್ತು. ಕಣ್ಣು ಕುಕ್ಕುವಷ್ಟು ಬಿಳಿ ಮರಳು, ಹತ್ತಿರದಲ್ಲೇ ಸ್ಮಶಾನ. ಅದರ ಗೋಡೆಯ ಪಕ್ಕ ನಿಂತು ಪೂರ್ವದ ಬೆಟ್ಟಸಾಲು ನೋಡಿದೆ. ಆ ಕಡೆ ಬಂಡೆಯ ಮೇಲಿನ ಏರಿಗಳು. ಈ ಕಡೆ ಮೊಣಕಾಲೆತ್ತರದ ಹುಲ್ಲು, ಹೂವು.