ಹೆಜ್ಜಾರ್ಲೆಗೂ ಪಾಲಿರುವ ಕೆರೆಯಲ್ಲಿ ಮೀನು ಸಾಕಣೆ

ಮದ್ದೂರು ತಾಲ್ಲೂಕಿನ ನಮ್ಮ ಕೆರೆಗೆ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮೇವಿಗೆ ಬರುತ್ತವೆ. ಮೀನುಗಾರರ ಸಹಕಾರ ಸಂಘದ ಪರವಾಗಿ ಬಿತ್ತನೆ, ಕಾವಲು ನೋಡಿಕೊಳ್ಳುವವನು ನಾನು. ಪಟಾಕಿ ಹೊಡೆದು ಹಕ್ಕಿ ಓಡಿಸಿ ಎಂಬ ಸಲಹೆ ಪ್ರತಿ ವರ್ಷವೂ ಬರುತ್ತದೆ. ನಾನು ಒಪ್ಪುವುದಿಲ್ಲ. ಹಕ್ಕಿಗಳು ಬರುವ ಆ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಗೂಡಿನ ಮರಿಗಳಿಗೆ ಮೀನು ಹೊರುತ್ತಿರುತ್ತವೆ. ಬೆಳ್ಳೂರಿನವರು ತಮ್ಮ ಹುಣಸೆ ಮರಗಳನ್ನೇ ಅವುಗಳಿಗೆ ಬಿಟ್ಟುಕೊಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಅಲ್ಲಿ ಗೂಡು ಕಾಯ್ದು ಇಲ್ಲಿ ತುತ್ತು ಕಿತ್ತುಕೊಂಡರೆ ಮರಿಗಳು ಉಳಿಯುವುದು ಹೇಗೆ?

ನಮ್ಮ ನಷ್ಟ ತಗ್ಗಿಸಿದ್ದು ಬಿತ್ತನೆ ಮರಿಗಳ ಗಾತ್ರ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳ ಮರಿಗಳನ್ನು ನೇರವಾಗಿ ಕೆರೆಗೆ ಬಿಡುವುದಿಲ್ಲ. ಏರಿಯ ಕೆಳಗಿನ ಕೊಳದಲ್ಲಿ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಹಾಕಿ ಗೇಣುದ್ದ ಬೆಳೆಸಿ, ಮಳೆ ನೀರು ತುಂಬಿದ ಮೇಲೆ ಬಿಡುತ್ತೇವೆ. ಹೆಜ್ಜಾರ್ಲೆ ಆಳಕ್ಕೆ ಮುಳುಗುವುದಿಲ್ಲ. ಈಜುತ್ತಲೇ ಕೊಕ್ಕಿನ ಚೀಲದಲ್ಲಿ ಮೊಗೆಯುತ್ತದೆ. ತಳದಲ್ಲಿ ಮೇಯುವ ಮೃಗಾಲ್ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ. ಮೇಲ್ನೀರಿನಲ್ಲಿ ಮೇಯುವ ಕಾಟ್ಲಾ ಮರಿಗಳನ್ನು ಮಾತ್ರ ಇನ್ನಷ್ಟು ದಪ್ಪಗಾಗುವವರೆಗೆ ಕೊಳದಲ್ಲೇ ಉಳಿಸಿಕೊಳ್ಳುತ್ತೇವೆ. ಮರಿ ಕೊಳದ ಮೇಲೆ ದಪ್ಪ ದಾರದ ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಕಣ್ಣಿಗೆ ಕಾಣದ ತೆಳು ನೂಲಿನ ಬಲೆ ಸಡಿಲವಾಗಿದ್ದರೆ ರೆಕ್ಕೆ ಸಿಕ್ಕಿಕೊಂಡು ಹಕ್ಕಿ ನರಳಿ ಸಾಯುತ್ತದೆ.

ಇದಕ್ಕಿಂತ ಕಷ್ಟವಾದದ್ದು ಊರಿನವರ ಪಾಲಿನ ಮಾತು. ಕೆರೆಯ ಮೀನಿನ ಗುತ್ತಿಗೆ ಸಂಘಕ್ಕೆ ಬರುವ ಮೊದಲಿನಿಂದಲೂ ಬೆಸ್ತರ ಮನೆಗಳವರು ಗಾಳ, ಕೂಳಿ (ಮೀನು ಹಿಡಿಯುವ ಬುಟ್ಟಿ) ಹಾಕಿ ಸಾರಿಗೆ ಮೀನು ಹಿಡಿಯುತ್ತಿದ್ದರು. ಸಂಘದ ಸದಸ್ಯತ್ವವಿಲ್ಲದ ಮನೆಯ ಅಜ್ಜಿಯೊಬ್ಬರು, "ಏನಪ್ಪ, ಹಕ್ಕಿಗೆ ಬಿಡುತ್ತೀಯ, ನಮ್ಮನ್ನು ತಡೆಯುತ್ತೀಯ?" ಎಂದು ಏರಿಯ ಮೇಲೆಯೇ ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು. ಸಂಘದ ಸಭೆಯಲ್ಲಿ ಜಗಳವೇ ನಡೆದು, ಕೊನೆಗೆ ಹಿನ್ನೀರಿನ ಕಡೆಯ ಆಳವಿಲ್ಲದ ಜಾಗದಲ್ಲಿ ಗಾಳ, ಕೂಳಿಗೆ ಯಾರಿಂದಲೂ ಹಣ ಕೇಳಬಾರದೆಂದು ನಿರ್ಣಯವಾಯಿತು. ಬೆಳಗಿನ ಹೊತ್ತು ಅಲ್ಲಿ ಹಕ್ಕಿಗಳು ಮೇಯುತ್ತವೆ. ಜನ ಇಳಿಯುವುದು ಬಿಸಿಲೇರಿದ ಮೇಲೆ. ಇಬ್ಬರಿಗೂ ಹೆಚ್ಚಾಗಿ ಸಿಗುವುದು ಜಿಲೇಬಿ ಮೀನು (ತಿಲಾಪಿಯಾ). ಅದು ಮಿತಿಮೀರಿ ಮರಿ ಹಾಕಿ ನಮ್ಮ ಗೆಂಡೆಗಳ ಮೇವನ್ನು ತಿನ್ನುವುದರಿಂದ, ಕಡಿಮೆಯಾದಷ್ಟೂ ನಮಗೆ ಒಳ್ಳೆಯದು.

ಬೇಸಿಗೆಯಲ್ಲಿ ನೀರು ತೀರ ಇಳಿಯುವ ಮೊದಲೇ ದೊಡ್ಡ ಮೀನಿಗೆ ಬಲೆ ಎಳೆಯುತ್ತೇವೆ. ಉಳಿದದ್ದನ್ನು ಹಿಡಿಯಲು ತೂಬು ತೆಗೆದು ಕೆರೆ ಬರಿದು ಮಾಡುವುದಿಲ್ಲ.

ಮಳೆ ಕೈಕೊಟ್ಟ ವರ್ಷ ಮಾತ್ರ ಈ ಯಾವ ಲೆಕ್ಕವೂ ಕೂಡಿಬರುವುದಿಲ್ಲ, ಆದರೆ ಗುತ್ತಿಗೆ ಹಣ ಕಟ್ಟಲೇಬೇಕು. ಹುಣಸೆ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟದ್ದುಂಟು. ಹಕ್ಕಿ ತಿಂದ ಮೀನಿಗೂ ಗುತ್ತಿಗೆಯಲ್ಲಿ ರಿಯಾಯಿತಿ ಕೊಡಿ ಎಂದು ಈಗ ಅರ್ಜಿ ಬರೆಯುತ್ತಿದ್ದೇವೆ.